ದೈವಜ್ಞಾನವೂ ಮಾನವಬುದ್ಧಿಯೂ

'ತಾನೊಂದು ಬಗೆದರೆ ದೈವವೊಂದು ಬಗೆಯಿತು' ಎಂಬ ಗಾದೆ ಕನ್ನಡ ನಾಡಿನ ಯಾವ ಮನೆಗೂ ಹೊಸದಲ್ಲ. ನಿಶ್ಚಯವಾದ ಮದುವೆ ಮುರಿದುಬಿದ್ದಾಗ, ಪೈರು ಕೈಗೆ ಬರುವ ಹೊತ್ತಿಗೆ ಆಲಿಕಲ್ಲು ಸುರಿದಾಗ, ಚೆನ್ನಾಗಿ ಓದುತ್ತಾನೆಂದು ನಂಬಿದ ಹುಡುಗ ಪರೀಕ್ಷೆಯಲ್ಲಿ ಹಿಂದೆ ಬಿದ್ದಾಗ ಹಿರಿಯರು ಈ ಮಾತನ್ನಾಡಿ ನಿಟ್ಟುಸಿರು ಬಿಡುತ್ತಾರೆ. ಆಡಿದವರಿಗೆ ಅದರಿಂದ ಸಮಾಧಾನವಾಗುತ್ತದೆ. ಕೇಳಿದವರಿಗೆ ಆಗುವುದು ಸಮಾಧಾನವೋ ಇನ್ನಷ್ಟು ನೋವೋ ಎಂಬುದನ್ನು ನಾವು ಯೋಚಿಸುವುದು ಕಡಿಮೆ.

ಕ್ರೈಸ್ತ ಧರ್ಮದಲ್ಲಿಯೂ ಈ ಗಾದೆಯನ್ನು ಹೋಲುವ ಒಂದು ಮುಖ್ಯ ತತ್ತ್ವವಿದೆ. ದೇವರ ಜ್ಞಾನಕ್ಕೆ ಎಲ್ಲೆಯಿಲ್ಲ, ಮನುಷ್ಯನ ಬುದ್ಧಿಗೆ ಎಲ್ಲೆಯಿದೆ ಎಂಬುದೇ ಆ ತತ್ತ್ವ. ಭೂಮಿಯಿಂದ ಆಕಾಶವೆಷ್ಟು ಎತ್ತರವೋ ದೇವರ ಆಲೋಚನೆಯೂ ನಮ್ಮ ಆಲೋಚನೆಗಿಂತ ಅಷ್ಟೇ ಎತ್ತರವೆಂಬ ಅರ್ಥದ ಮಾತನ್ನು ಪ್ರವಾದಿ ಯೆಶಾಯನ ಗ್ರಂಥದಲ್ಲಿ ಕಾಣುತ್ತೇವೆ. ನಮ್ಮ ಶಾಲೆಯಲ್ಲಿ ಎಲ್ಲ ಮತಗಳ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಕಲಿಯುತ್ತಾರೆ. ಒಬ್ಬರ ನಂಬಿಕೆಯನ್ನು ಇನ್ನೊಬ್ಬರು ತಿಳಿದುಕೊಳ್ಳುವುದೂ ವಿದ್ಯೆಯೇ. ಆದುದರಿಂದ ಈ ತತ್ತ್ವದ ನಿಜವಾದ ಅರ್ಥವೇನು, ಅದು ನಮ್ಮ ಓದಿಗೂ ಬಾಳಿಗೂ ಯಾವ ರೀತಿಯಲ್ಲಿ ಸಂಬಂಧಿಸಿದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ದೃಷ್ಟಾಂತಕ್ಕಾಗಿ ನಾವು ಬಹಳ ದೂರ ಹೋಗಬೇಕಾಗಿಲ್ಲ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಘಟ್ಟವೇರಿದರೆ ನೀಲಗಿರಿ. ಅಲ್ಲಿ ಕೂನೂರಿನ ಪಕ್ಕದಲ್ಲಿ, ಸಮುದ್ರಮಟ್ಟದಿಂದ ಸುಮಾರು 6000 ಅಡಿ ಎತ್ತರದಲ್ಲಿ ವೆಲ್ಲಿಂಗ್ಟನ್ ಎಂಬ ದಂಡಿನ ಊರಿದೆ. ಸುತ್ತಲಿನ ಹಟ್ಟಿಗಳಲ್ಲಿ ಬಡಗರು ವಾಸಿಸುತ್ತಾರೆ. ಅವರ ನುಡಿ ನಮ್ಮ ಕನ್ನಡಕ್ಕೆ ತೀರ ಹತ್ತಿರದ ಬಂಧು. ಮದರಾಸು ರೆಜಿಮೆಂಟಿನ ಕೇಂದ್ರ ಈ ಊರಿನಲ್ಲಿದೆ. ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರರ ಅಧಿಕಾರಿಗಳೂ ಒಟ್ಟಿಗೆ ಕಲಿಯುವ ಡಿಫೆನ್ಸ್ ಸರ್ವೀಸಸ್ ಸ್ಟಾಫ್ ಕಾಲೇಜು ಕೂಡ ಇಲ್ಲಿಯೇ ಇದೆ. ಆ ಕಾಲೇಜಿನ ಧ್ಯೇಯವಾಕ್ಯ 'ಯುದ್ಧಂ ಪ್ರಜ್ಞಯಾ'. ಯುದ್ಧವನ್ನೂ ಪ್ರಜ್ಞೆಯಿಂದ ಮಾಡಬೇಕು ಎಂಬುದು ಅದರ ತಾತ್ಪರ್ಯ. ಅದರ ಲಾಂಛನದಲ್ಲಿರುವ ಪಕ್ಷಿ ಗೂಬೆ!

ವಿದ್ಯಾರ್ಥಿಗಳಿಗೆ ಇದನ್ನು ಕೇಳಿ ನಗು ಬರಬಹುದು. ನಮ್ಮಲ್ಲಿ ಗೂಬೆ ಅಪಶಕುನದ ಹಕ್ಕಿ. ಪಾಠ ತಲೆಗೆ ಹತ್ತದ ಹುಡುಗನನ್ನು ಬಯ್ಯುವುದಕ್ಕೂ ಅದೇ ಹೆಸರು. ಪಶ್ಚಿಮದ ದೇಶಗಳಲ್ಲಾದರೋ ಪ್ರಾಚೀನ ಗ್ರೀಕರ ಕಾಲದಿಂದಲೂ ಗೂಬೆ ಜ್ಞಾನದ ಸಂಕೇತ. ಒಂದೇ ಹಕ್ಕಿ ಒಂದು ನಾಡಿನಲ್ಲಿ ಜ್ಞಾನಿ, ಇನ್ನೊಂದು ನಾಡಿನಲ್ಲಿ ದಡ್ಡ. ಹಾಗಾದರೆ ಯಾವುದು ಜ್ಞಾನ, ಯಾವುದು ಅಜ್ಞಾನ ಎಂದು ಗೆರೆ ಎಳೆಯುವ ನಮ್ಮ ಅಳತೆಗೋಲು ಎಷ್ಟು ನಂಬಿಕೆಗೆ ಅರ್ಹ? ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ ಎತ್ತಿದ ಪ್ರಶ್ನೆ ಇಂಥದೇ. ಅಪರಾಧಿಯಂತೆ ಶಿಲುಬೆಗೇರಿ ಸತ್ತವನು ಲೋಕರಕ್ಷಕನೆಂಬ ಮಾತು ಅಂದಿನ ಗ್ರೀಕ್ ವಿದ್ವಾಂಸರಿಗೆ ಹುಚ್ಚುತನವಾಗಿ ಕಂಡಿತು. ಲೋಕವು ಹುಚ್ಚುತನವೆಂದು ತಳ್ಳಿದ ಕಡೆಯಲ್ಲೇ ದೇವರ ಜ್ಞಾನವು ಅಡಗಿದೆಯೆಂದು ಪೌಲನು ವಾದಿಸಿದನು. ಕ್ರೈಸ್ತರ ದೈವಜ್ಞಾನದ ಕಲ್ಪನೆಗೆ ಇದೇ ತಿರುಳು. ಅದು ಬರಿಯ ಹೆಚ್ಚು ತಿಳಿವಳಿಕೆಯಲ್ಲ. ನಮ್ಮ ಲೆಕ್ಕಾಚಾರವನ್ನೇ ಬುಡಮೇಲು ಮಾಡುವ ತಿಳಿವಳಿಕೆ.

ಹಳೆಯ ಒಡಂಬಡಿಕೆಯಲ್ಲಿ ಯೋಬನೆಂಬ ಸಜ್ಜನನ ಕಥೆ ಇದೆ. ಒಂದೇ ದಿನದಲ್ಲಿ ಅವನು ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡನು. ಅನಂತರ ಮೈತುಂಬ ಹುಣ್ಣುಗಳಾದವು. ತನಗೇಕೆ ಈ ಗತಿ ಎಂದು ಅವನು ದೇವರನ್ನೇ ಪ್ರಶ್ನಿಸಿದನು. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತನಾಡಿದರೂ ಯೋಬನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅದರ ಬದಲು ಪ್ರಶ್ನೆಗಳ ಸುರಿಮಳೆಯನ್ನೇ ಕರೆದನು. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ, ಹಿಮದ ಭಂಡಾರವನ್ನು ಕಂಡಿದ್ದೀಯಾ, ಕಾಡುಮೇಕೆ ಈಯುವ ಕಾಲ ನಿನಗೆ ಗೊತ್ತೇ ಎಂಬ ಧಾಟಿಯ ಪ್ರಶ್ನೆಗಳು ಅವು.

ಇಂಥ ಪ್ರಶ್ನೆಯೊಂದು ನೀಲಗಿರಿಯ ಇಳಿಜಾರುಗಳಲ್ಲಿಯೂ ಬೆಳೆಯುತ್ತಿದೆ. ನೀಲಕುರಿಂಜಿ ಎಂಬ ಗಿಡ ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುತ್ತದೆ. ಪಶ್ಚಿಮ ಘಟ್ಟಗಳಲ್ಲಿ 2006ರಲ್ಲಿ ಹೂ ಬಿಟ್ಟ ಗಿಡಗಳು ಬೀಜ ಉದುರಿಸಿ ಒಣಗಿಹೋದವು. ಆ ಬೀಜದಿಂದ ಹುಟ್ಟಿದ ಗಿಡಗಳು 2018ರಲ್ಲಿ ಹೂತವು. ಗೋಡೆಯ ಕ್ಯಾಲೆಂಡರ್ ಇಲ್ಲ, ಶಾಲೆಯ ಗಂಟೆ ಇಲ್ಲ. ಸಾವಿರಾರು ಗಿಡಗಳು ಹನ್ನೆರಡು ವರ್ಷಗಳನ್ನು ಎಣಿಸಿ ಒಟ್ಟಿಗೆ ಅರಳುತ್ತವೆ. ಈ ಎಣಿಕೆಯ ಗುಟ್ಟು ಸಸ್ಯಶಾಸ್ತ್ರಜ್ಞರಿಗೆ ಇನ್ನೂ ಪೂರ್ಣವಾಗಿ ಬಿಡಿಸಿಲ್ಲ. ಒಂದು ಗಿಡದ ಲೆಕ್ಕವೇ ನಮಗೆ ಹೀಗೆ ಸವಾಲಾಗಿರುವಾಗ ವಿಶ್ವದ ಲೆಕ್ಕವೆಲ್ಲ ನಮ್ಮ ಕೈಯಲ್ಲಿದೆ ಎಂದು ಮೆರೆಯುವುದು ಅವಿವೇಕವಲ್ಲವೇ?

ಆದರೆ ಇಲ್ಲಿ ಒಂದು ಅಪಾಯವುಂಟು. ಮನುಷ್ಯನ ಬುದ್ಧಿ ಅಲ್ಪ ಎಂದು ಒಪ್ಪಿದ ಕೂಡಲೇ ಕೆಲವರು ಪುಸ್ತಕ ಮುಚ್ಚಿಬಿಡುತ್ತಾರೆ. ಎಲ್ಲ ದೇವರ ಇಚ್ಛೆ, ನಾವು ಓದಿ ಮಾಡುವುದೇನು, ಮದ್ದು ಕುಡಿದು ಆಗುವುದೇನು ಎನ್ನುತ್ತಾರೆ. ಇದು ಭಕ್ತಿಯ ವೇಷ ತೊಟ್ಟ ಸೋಮಾರಿತನ ಎಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಸತ್ಯವೇದ ಇಂಥವರ ಪರವಾಗಿಲ್ಲ. ಜ್ಞಾನೋಕ್ತಿಗಳ ಗ್ರಂಥವು ಸೋಮಾರಿಯನ್ನು ಇರುವೆಯ ಬಳಿಗೆ ಪಾಠ ಕಲಿಯಲು ಕಳುಹಿಸುತ್ತದೆ. ಅರಸನಾದ ಸೊಲೊಮೋನನು ದೇವರಲ್ಲಿ ಐಶ್ವರ್ಯವನ್ನಾಗಲಿ ಶತ್ರುಗಳ ಪ್ರಾಣವನ್ನಾಗಲಿ ಬೇಡದೆ, ಜನರ ನ್ಯಾಯ ತೀರಿಸುವುದಕ್ಕೆ ಬೇಕಾದ ವಿವೇಕವನ್ನು ಬೇಡಿದನು. ಎಲ್ಲೆಯುಳ್ಳ ಬುದ್ಧಿಯೂ ದೇವರು ಕೊಟ್ಟದ್ದೇ ಆದ ಮೇಲೆ ಅದನ್ನು ಬಳಸದೆ ಬಿಡುವುದು ಕೊಟ್ಟವನಿಗೆ ಮಾಡುವ ಅವಮಾನ.

ವೆಲ್ಲಿಂಗ್ಟನ್ನಿಗೆ ಕೂಗಳತೆಯಲ್ಲಿರುವ ಕೂನೂರಿನ ಪ್ಯಾಶ್ಚರ್ ಸಂಸ್ಥೆಯ ಕಥೆಯನ್ನೇ ನೋಡಿ. 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಷ್ ಎಂಬ ಮಹಿಳೆ ಹುಚ್ಚುನಾಯಿ ರೋಗದಿಂದ ತೀರಿಕೊಂಡರು. ಆಗ ಈ ರೋಗಕ್ಕೆ ಚುಚ್ಚುಮದ್ದು ಬೇಕೆಂದರೆ ದಕ್ಷಿಣದವರು ಉತ್ತರದ ಬೆಟ್ಟಗಳಲ್ಲಿರುವ ಕಸೌಲಿಯವರೆಗೆ ಪ್ರಯಾಣ ಮಾಡಬೇಕಾಗಿತ್ತು. ಇಂಥ ಸಾವು ಇನ್ನೊಬ್ಬರಿಗೆ ಬರಬಾರದೆಂಬ ಯೋಚನೆ ಬಲವಾಯಿತು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣದ ನೆರವೂ ದೊರಕಿ, 1907ರಲ್ಲಿ ಕೂನೂರಿನಲ್ಲಿ ಸಂಸ್ಥೆ ಕೆಲಸ ಆರಂಭಿಸಿತು. ಆ ಸಾವನ್ನು ದೇವರ ಇಚ್ಛೆಯೆಂದು ಹೇಳಿ ಎಲ್ಲರೂ ಸುಮ್ಮನೆ ಕುಳಿತಿದ್ದರೆ ಆ ಕಟ್ಟಡ ಏಳುತ್ತಿತ್ತೇ?

ಸಂಸ್ಥೆಗೆ ಹೆಸರು ಕೊಟ್ಟ ಲೂಯಿ ಪ್ಯಾಶ್ಚರ್ 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಚುಚ್ಚುಮದ್ದು ಕೊಟ್ಟು ಉಳಿಸಿದರು. ಆ ರೋಗಾಣುವನ್ನು ಅವರು ಕಣ್ಣಾರೆ ಕಂಡಿರಲೇ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅದು ಅಂದಿನ ಸೂಕ್ಷ್ಮದರ್ಶಕಕ್ಕೆ ನಿಲುಕದಷ್ಟು ಸಣ್ಣದು. ತಿಳಿಯದ್ದು ಎಷ್ಟೋ ಇದ್ದರೂ ತಿಳಿದಷ್ಟನ್ನು ಒಂದು ಪ್ರಾಣ ಉಳಿಸಲು ಅವರು ಬಳಸಿದರು. ಅಲ್ಪಜ್ಞಾನವೂ ಕರುಣೆಯ ಕೈಗೆ ಸಿಕ್ಕಿದರೆ ಎಂಥ ಕೆಲಸ ಮಾಡಬಲ್ಲದು! ಪೋಷಕರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಮಗುವಿಗೆ ನಾಯಿ ಕಚ್ಚಿದರೆ ಮಂತ್ರ, ನೂಲು, ಹರಕೆಗಳಿಗೆ ಹೊತ್ತು ಕಳೆಯಬೇಡಿ. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಪ್ರಾರ್ಥನೆಯನ್ನು ದಾರಿಯಲ್ಲಿಯೂ ಮಾಡಬಹುದು.

ಇದೇ ಪ್ಯಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಸಂಶೋಧನೆಗೆ ತೊಡಗಿದರು. ಆ ಕೋಣೆಯ ಕೆಲಸವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ಬೆರಿಬೆರಿ ರೋಗಿಯ ಕಾಲು ಸೋಲುತ್ತದೆ, ಹೃದಯ ಕುಗ್ಗುತ್ತದೆ. ಮೆಕ್ಯಾರಿಸನ್ನರಿಗೂ ಮುಂಚೆ ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯರು ಇದಕ್ಕೆ ಯಾವುದೋ ರೋಗಾಣು ಕಾರಣವೆಂದು ಭಾವಿಸಿ ಹುಡುಕುತ್ತಿದ್ದರು. ಆದರೆ ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳು ಕಾಯಿಲೆ ಬಿದ್ದವು, ತೌಡು ಸಹಿತವಾದ ಅಕ್ಕಿಯನ್ನು ತಿಂದವು ಚೇತರಿಸಿಕೊಂಡವು. ಬಿಳಿಯ ಅಕ್ಕಿಯೇ ಶ್ರೇಷ್ಠವೆಂದು ಮನುಷ್ಯ ತಾನುಂಡು, ಕೀಳೆಂದು ದನದ ಮುಂದೆ ಸುರಿದ ತೌಡಿನಲ್ಲಿ ಜೀವ ಉಳಿಸುವ ಅಂಶವಿತ್ತು! ಲೋಕವು ಹೀನವೆಂದು ತಳ್ಳಿದ್ದನ್ನು ದೇವರು ಆರಿಸಿಕೊಳ್ಳುತ್ತಾನೆ ಎಂಬ ಪೌಲನ ವಿಚಾರವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉಪಮಾನ ಬೇಕೆ?

ಕನ್ನಡಿಗರಾದ ನಾವು ಮರೆಯಬಾರದ ಇನ್ನೊಂದು ಉದಾಹರಣೆಯುಂಟು. ವೆಲ್ಲಿಂಗ್ಟನ್ನಿಗೆ ಕೆಲವೇ ಮೈಲಿ ದೂರದ ಕೇತಿ ಕಣಿವೆಯಲ್ಲಿ 1846ರಲ್ಲಿ ಬಾಸೆಲ್ ಮಿಶನ್ನಿನವರು ನೆಲೆಸಿದರು. ಅದೇ ಮಿಶನ್ನಿನಿಂದ 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ಲರು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದು, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ದೇವರ ವಾಕ್ಯವನ್ನು ಸಾರಲು ಬಂದವರು ಮೊದಲು ಮಾಡಬೇಕಾಗಿ ಬಂದದ್ದು ಕನ್ನಡಿಗರ ಮಾತನ್ನು ಕಿವಿಗೊಟ್ಟು ಕೇಳುವ ಕೆಲಸ. ಅಷ್ಟು ದುಡಿದರೂ ಆ ನಿಘಂಟು ಕೊನೆಯ ಮಾತಾಗಲಿಲ್ಲ. ಮುಂದೆ ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಬೇರೊಂದು ಮಹಾನಿಘಂಟನ್ನೇ ಹೊರತಂದಿತು. ಕನ್ನಡ ಸತ್ಯವೇದದ ಅನುವಾದವನ್ನೂ ಹಲವು ಸಾರಿ ತಿದ್ದಿದ್ದಾರೆ. ಒಂದು ತಲೆಮಾರಿನ ಜ್ಞಾನದ ಪಾತ್ರೆ ಎಷ್ಟು ತುಂಬಿದರೂ ಇನ್ನೊಂದು ತಲೆಮಾರು ಸುರಿಯುವುದಕ್ಕೆ ಜಾಗ ಉಳಿದೇ ಇರುತ್ತದೆ.

ಇಷ್ಟರವರೆಗೆ ಹೇಳಿದ್ದು ಮನಸ್ಸಿಗೆ ಹಿತವಾದ ಮಾತು. ಹಿತವಲ್ಲದ, ಕಠಿಣವಾದ ಮಾತಿಗೆ ಈಗ ಬರಬೇಕಾಗಿದೆ. 2021ರ ಡಿಸೆಂಬರ್ 8ರಂದು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ವೆಲ್ಲಿಂಗ್ಟನ್ನಿನ ಸ್ಟಾಫ್ ಕಾಲೇಜಿನಲ್ಲಿ ಮಾತನಾಡಲು ಸೂಲೂರಿನಿಂದ ಹೆಲಿಕಾಪ್ಟರಿನಲ್ಲಿ ಹೊರಟಿದ್ದರು. ಅವರ ಪತ್ನಿ ಮಧುಲಿಕಾ ರಾವತ್ ಅವರೂ ಸೇರಿ ಒಟ್ಟು 14 ಮಂದಿ ಅದರಲ್ಲಿದ್ದರು. ಇಳಿಯಲು ಇನ್ನು ಕೆಲವೇ ನಿಮಿಷಗಳಿರುವಾಗ ಕೂನೂರಿನ ಬಳಿಯ ನಂಜಪ್ಪಸತ್ರಂ ಎಂಬ ಹಳ್ಳಿಯ ಹತ್ತಿರ ಹೆಲಿಕಾಪ್ಟರು ಮರಗಳ ನಡುವೆ ಬಿದ್ದು ಉರಿಯಿತು. 13 ಮಂದಿ ಅದೇ ದಿನ ತೀರಿಕೊಂಡರು. ಉಳಿದಿದ್ದ ಒಬ್ಬರೇ ಒಬ್ಬರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ಡಿಸೆಂಬರ್ 15ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಮೂರೂ ಸೇನೆಗಳ ಜಂಟಿ ತನಿಖೆ ನಡೆಯಿತು. ಕಣಿವೆಯಲ್ಲಿ ಹವಾಮಾನ ಇದ್ದಕ್ಕಿದ್ದಂತೆ ಬದಲಾಗಿ ಹೆಲಿಕಾಪ್ಟರು ಮೋಡದೊಳಕ್ಕೆ ಹೊಕ್ಕಿತು, ಚಾಲಕರಿಗೆ ದಿಕ್ಕಿನ ಅಂದಾಜು ತಪ್ಪಿತು ಎಂದು 2022ರ ಜನವರಿಯಲ್ಲಿ ತಿಳಿಸಲಾಯಿತು. 2024ರ ಡಿಸೆಂಬರಿನಲ್ಲಿ ಸಂಸತ್ತಿನ ಸಮಿತಿಯೊಂದರ ವರದಿಯಲ್ಲಿ ಕಾರಣವನ್ನು ಮಾನವ ದೋಷವೆಂದು ದಾಖಲಿಸಲಾಯಿತು. ಇಂಥ ತನಿಖೆಗಳು ಅಗತ್ಯ. ಮುಂದಿನ ಪ್ರಾಣಗಳನ್ನು ಉಳಿಸುವುದು ಅವುಗಳಿಂದಲೇ ಸಾಧ್ಯ. ಆದರೆ ಹೇಗಾಯಿತು ಎಂಬುದಕ್ಕೆ ಉತ್ತರ ಸಿಕ್ಕರೂ, ಅವರಿಗೇ ಏಕಾಯಿತು, ಅಂದೇ ಏಕಾಯಿತು ಎಂದು ಮನೆಯವರ ಎದೆ ಕೇಳುವ ಪ್ರಶ್ನೆಗೆ ಯಾವ ವರದಿಯಲ್ಲಿಯೂ ಉತ್ತರವಿರುವುದಿಲ್ಲ.

ಅಲ್ಲಿ ನಂಬಿಕೆಯುಳ್ಳವರು ಏನು ಹೇಳಬೇಕು? ಏನನ್ನು ಹೇಳಬಾರದು ಎಂಬುದನ್ನು ಸುವಾರ್ತೆಯೇ ತೋರಿಸಿಕೊಟ್ಟಿದೆ. ಯೇಸುವಿನ ಕಾಲದಲ್ಲಿ ಸಿಲೋವದಲ್ಲಿ ಒಂದು ಬುರುಜು ಕುಸಿದು 18 ಮಂದಿ ಸತ್ತರು. ಹಾಗೆ ಸತ್ತವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಎಣಿಕೆಯನ್ನು ಯೇಸು ಖಂಡತುಂಡವಾಗಿ ಅಲ್ಲಗಳೆದನು. ಹುಟ್ಟುಕುರುಡನೊಬ್ಬನನ್ನು ಕಂಡು, ಇದು ಇವನ ಪಾಪವೋ ತಂದೆತಾಯಿಗಳ ಪಾಪವೋ ಎಂದು ಶಿಷ್ಯರು ಕೇಳಿದಾಗಲೂ ಎರಡೂ ಅಲ್ಲವೆಂದು ಹೇಳಿ, ಅವನ ಕಣ್ಣನ್ನು ಗುಣಪಡಿಸಿದನು. ಶಿಷ್ಯರಿಗೆ ಕಾರಣ ಬೇಕಾಗಿತ್ತು. ಗುರುವು ಕೈಹಚ್ಚಿದ್ದು ಉಪಕಾರಕ್ಕೆ.

ಯೋಬನ ಮೂವರು ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರನ್ನು ಇಲ್ಲಿ ನೆನೆಯಬೇಕು. ಅವರು ಸಂಕಟದಲ್ಲಿದ್ದ ಗೆಳೆಯನನ್ನು ನೋಡಲು ಬಂದು ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನೊಂದಿಗೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದು, ನೀನು ಏನೋ ಪಾಪ ಮಾಡಿರಬೇಕು, ಇಲ್ಲದಿದ್ದರೆ ದೇವರು ಹೀಗೆ ಶಿಕ್ಷಿಸುತ್ತಿರಲಿಲ್ಲ ಎಂದು ವಾದ ಹೂಡಿದರು. ಅವರು ದೇವರ ವಕೀಲರಂತೆ ಮಾತನಾಡಿದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ಎಲ್ಲವನ್ನೂ ತಿಳಿದವರಂತೆ ಉತ್ತರ ಕೊಟ್ಟ ಈ ಗೆಳೆಯರ ಮೇಲೆ! ದೈವಜ್ಞಾನ ಅಪಾರ ಎಂಬ ತತ್ತ್ವವನ್ನು ಬಾಯಲ್ಲಿ ಹೇಳುತ್ತಲೇ, ದೇವರ ಮನಸ್ಸಿನಲ್ಲಿರುವುದು ತಮಗೆ ಗೊತ್ತೆಂದು ನಟಿಸುವವರಿಗೆ ಇದು ಎಚ್ಚರಿಕೆ.

ನಂಜಪ್ಪಸತ್ರದ ಜನರು ಅಂದು ಏನು ಮಾಡಿದರು? ಬೆಂಕಿ ಉರಿಯುತ್ತಿದ್ದ ಕಡೆಗೆ ಓಡಿದರು. ಗಾಯಗೊಂಡವರನ್ನು ಹೊತ್ತು ತರಲು ತಮ್ಮ ಮನೆಗಳ ಕಂಬಳಿಗಳನ್ನು ಕೊಟ್ಟರು. ಚಳಿಯ ನಾಡಿನಲ್ಲಿ ಬಡವನ ಮನೆಯ ಕಂಬಳಿ ಎಂದರೆ ಸಣ್ಣ ಆಸ್ತಿಯಲ್ಲ. ಬಿದ್ದವರು ಯಾರೆಂದು ಅವರು ಕೇಳುತ್ತ ನಿಲ್ಲಲಿಲ್ಲ. ಏಕೆ ಬಿದ್ದಿತು ಎಂಬ ತತ್ತ್ವವಿಚಾರಕ್ಕೂ ಇಳಿಯಲಿಲ್ಲ. ಅಪೊಸ್ತಲನಾದ ಯಾಕೋಬನು ತನ್ನ ಪತ್ರದಲ್ಲಿ ಮೇಲಣಿಂದ ಬರುವ ಜ್ಞಾನದ ಗುರುತುಗಳನ್ನು ಹೇಳುತ್ತ ಶಾಂತಿ, ಸೌಮ್ಯತೆ, ಕರುಣೆ, ಸತ್ಫಲಗಳನ್ನು ಹೆಸರಿಸುತ್ತಾನೆ. ಈ ಅಳತೆಯಿಂದ ಅಳೆದರೆ ಆ ದಿನ ನೀಲಗಿರಿಯಲ್ಲಿ ಮೇಲಣ ಜ್ಞಾನ ಕಾಣಿಸಿಕೊಂಡದ್ದು ಆ ಕಂಬಳಿಗಳಲ್ಲಿ ಎಂದು ನಾವು ನಂಬುತ್ತೇವೆ.

ಈ ವಿಚಾರ ನಮ್ಮ ಮನೆಗಳಿಗೂ ತಕ್ಕದ್ದು. ಮಗು ಪರೀಕ್ಷೆಯಲ್ಲಿ ನಪಾಸಾದರೆ ಒಂದು ಮನೆಯಲ್ಲಿ ಹಣೆಬರಹವೆನ್ನುತ್ತಾರೆ. ಇನ್ನೊಂದು ಮನೆಯಲ್ಲಿ ನೀನು ಯಾವುದಕ್ಕೂ ಬಾರದವನೆನ್ನುತ್ತಾರೆ. ಎರಡೂ ತೀರ್ಪುಗಳೇ. ಒಂದು ದೇವರ ಹೆಸರಿನಲ್ಲಿ, ಇನ್ನೊಂದು ಮನುಷ್ಯನ ಹೆಸರಿನಲ್ಲಿ. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಅಪಘಾತಕ್ಕೆ ಕೆಲವು ತಿಂಗಳ ಹಿಂದೆ, 2021ರ ಸೆಪ್ಟೆಂಬರಿನಲ್ಲಿ, ತಾವು ಓದಿದ ಶಾಲೆಯ ಪ್ರಾಂಶುಪಾಲರಿಗೆ ಒಂದು ಪತ್ರ ಬರೆದಿದ್ದರು. ಶೌರ್ಯ ಚಕ್ರ ಪಡೆದ ಆ ವೈಮಾನಿಕರು ತಾವು ಶಾಲೆಯಲ್ಲಿ ಸಾಧಾರಣ ವಿದ್ಯಾರ್ಥಿಯಾಗಿದ್ದುದನ್ನು ಅದರಲ್ಲಿ ಹೇಳಿಕೊಂಡು, ಎಲ್ಲರೂ ಹೆಚ್ಚು ಅಂಕ ಗಳಿಸಲಾರರು, ಹನ್ನೆರಡನೆಯ ತರಗತಿಯ ಅಂಕಗಳು ಬಾಳಿನ ಅಳತೆಯಲ್ಲ, ಹಿಡಿದ ಕೆಲಸವನ್ನು ಮನಸ್ಸಿಟ್ಟು ಮಾಡಬೇಕು ಎಂಬ ಧೈರ್ಯವನ್ನು ಮಕ್ಕಳಿಗೆ ತುಂಬಿದರು. ಅವರು ಕಲಿತ ತರಗತಿಯಲ್ಲಿ ಅಂದು ಯಾರು ತಾನೇ ಇದನ್ನೆಲ್ಲ ಊಹಿಸಿರಲು ಸಾಧ್ಯ? ದಾವೀದನನ್ನು ಅರಸನಾಗಿ ಆರಿಸುವಾಗಲೂ ಹೀಗೆಯೇ ಆಯಿತು. ಎತ್ತರದ ಅಣ್ಣಂದಿರೆಲ್ಲ ಸಾಲಾಗಿ ಬಂದು ಹೋದರು. ಕುರಿ ಕಾಯಲು ಹೋಗಿದ್ದ ಕಿರಿಯನನ್ನು ಕರೆಸಬೇಕೆಂದು ತಂದೆಗೇ ತೋಚಿರಲಿಲ್ಲ. ಮನುಷ್ಯ ನೋಡುವುದು ಹೊರಗಿನದನ್ನು, ದೇವರು ನೋಡುವುದು ಹೃದಯವನ್ನು ಎಂಬ ಪಾಠ ಆ ಕಥೆಯದು.

ಅಂಕಪಟ್ಟಿ ಬೇಡವೆಂದು ಇದರ ಅರ್ಥವಲ್ಲ. ಅದು ವರ್ಷದ ದುಡಿಮೆಯ ಲೆಕ್ಕ ತೋರಿಸುವ ಒಂದು ಕನ್ನಡಿ. ಪೌಲನ ಕಾಲದ ಕನ್ನಡಿಗಳು ಲೋಹವನ್ನು ಉಜ್ಜಿ ಹೊಳಪುಗೊಳಿಸಿದಂಥವು. ಮುಖ ಮಸಕಾಗಿಯೇ ಕಾಣುತ್ತಿತ್ತು. ಈಗಿನ ನಮ್ಮ ತಿಳಿವಳಿಕೆಯೂ ಅಂಥ ಕನ್ನಡಿಯೊಳಗಿನ ನೋಟವೆಂದು ಅವನು ಹೇಳಿದನು. ಅದೇ ಅಧ್ಯಾಯದ ಕೊನೆಯಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿಗಳನ್ನು ಹೆಸರಿಸಿ ಪ್ರೀತಿಯೇ ದೊಡ್ಡದೆಂದನು. ಕನ್ನಡಿ ಮಸಕಾಗಿದೆಯೆಂದು ಅದನ್ನು ಒಡೆಯಬೇಕಾಗಿಲ್ಲ. ಅದರಲ್ಲಿ ಕಂಡ ಮುಖವೇ ಪೂರ್ಣ ಮನುಷ್ಯನೆಂದು ಭಾವಿಸದಿದ್ದರೆ ಸಾಕು.

ಆದುದರಿಂದ ವಿದ್ಯಾರ್ಥಿಗಳೇ, ಪ್ರಶ್ನೆ ಕೇಳಲು ಹೆದರಬೇಡಿ. ಯೋಬನ ಪ್ರಶ್ನೆಗಳನ್ನು ದೇವರೇ ಸಹಿಸಿದನು. ನಿಮ್ಮ ಪ್ರಶ್ನೆಗಳನ್ನು ಗುರುಗಳೂ ಹಿರಿಯರೂ ಸಹಿಸುತ್ತಾರೆ. ತಿಳಿದಷ್ಟನ್ನು ದೃಢವಾಗಿ ಹೇಳಿ, ತಿಳಿಯದ್ದನ್ನು ತಿಳಿಯದು ಎನ್ನಿ. ಪೋಷಕರೇ, ಮಗುವಿನ ಭವಿಷ್ಯದ ತೀರ್ಪನ್ನು ಇಂದೇ ಬರೆದುಬಿಡಬೇಡಿ; ಹನ್ನೆರಡು ವರ್ಷ ಸುಮ್ಮನಿದ್ದು ಹೂ ಬಿಡುವ ಗಿಡಗಳೂ ಉಂಟು. ನೆರೆಮನೆಯಲ್ಲಿ ಸಾವು ನೋವು ಬಂದಾಗ ಕಾರಣ ಹೇಳಲು ಹೋಗದೆ, ಒಂದು ಚೊಂಬು ನೀರನ್ನೋ ಒಂದು ಕಂಬಳಿಯನ್ನೋ ಹಿಡಿದು ಹೋಗೋಣ. ಅಲ್ಲಿ ಹೇಳಲು ಮಾತು ಸಿಗದಿದ್ದರೆ, ಯೋಬನ ಗೆಳೆಯರು ಮೊದಲ ಏಳು ದಿನ ಕುಳಿತಂತೆ ಜೊತೆಯಲ್ಲಿ ಕುಳಿತುಕೊಳ್ಳೋಣ.